ಸೀಟು ಬಿಟ್ಟುಕೊಟ್ಟ ಹುಂಜಗಳು

ಕೊಟ್ಟೂರಿನಲ್ಲಿ ಹರಪನಹಳ್ಳಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ನಾನೂ ಗೆಳೆಯನೂ ಸೀಟು ಹಿಡಿದಿದ್ದೆವು. ಅಜ್ಜಿಯೊಬ್ಬಳು ಚೀಲ ಹೊತ್ತು, ಮೊಣಕಾಲು ಒತ್ತಿಕೊಳ್ಳುತ್ತ ಪಕ್ಕದಲ್ಲೇ ನಿಂತಳು. ಗೆಳೆಯ ನಿದ್ದೆ ಬಂದವನಂತೆ ಕಣ್ಣು ಮುಚ್ಚಿದ. ನಟನೆಯಲ್ಲಿ ಅವನಿಗಿಂತ ಮುಂದಿರುವ ನಾನು ಗೊರಕೆಯನ್ನೂ ಹೊಡೆದೆ.

ಅಷ್ಟರಲ್ಲಿ, ಮಾತಾಡಿಸಬೇಕೆಂದು ಅವನು ಎಷ್ಟೋ ದಿನದಿಂದ ಒದ್ದಾಡುತ್ತಿದ್ದ ಕಾಲೇಜು ಹುಡುಗಿ ಬಸ್ಸು ಹತ್ತಿದಳು. ಇವನು ಛಂಗನೆ ಎದ್ದ.

"ಕುಂದರ್ರಿ ಮೇಡಂ! ಹೆಣ್ಣುಮಕ್ಕಳು ನಿಂತ್ರ ನಮಗ ಕುಂದ್ರಾಕ ಮನಸ್ಸು ಬರಂಗಿಲ್ರಿ."

ನಮ್ಮ ಮನೆಯ ಹುಂಜವೂ ಹೀಗೆಯೇ. ಕಾಳು ಸಿಕ್ಕರೆ ತಿನ್ನದೆ ಹೇಂಟೆಯನ್ನು ಕೂಗಿ ಕರೆಯುತ್ತದೆ. ಹೇಂಟೆ ಹತ್ತಿರ ಇಲ್ಲದಿದ್ದರೆ ಸದ್ದಿಲ್ಲದೆ ತಾನೇ ನುಂಗುತ್ತದೆ. ಅದನ್ನು ಯಾರೂ ಸಂಸ್ಕಾರ ಎಂದು ಹೊಗಳುವುದಿಲ್ಲ. ನಾನು ಗೆಳೆಯನ ಕಿವಿಯಲ್ಲಿ ಹುಂಜದ ದನಿಯಲ್ಲೇ "ಕೊಕ್ ಕೊಕ್ ಕೊಕ್" ಎಂದೆ. ಆದರೆ ಹಾಗೆನ್ನುವ ಹೊತ್ತಿಗೆ ನಾನೂ ಎದ್ದು ನಿಂತು ಕೂದಲು ತೀಡಿಕೊಳ್ಳುತ್ತಿದ್ದೆ.

ಹುಡುಗಿ ಅಜ್ಜಿಯ ಕೈ ಹಿಡಿದಳು. "ಬಾ ಯಮ್ಮಾ, ಎರಡೂ ಸೀಟು ಖಾಲಿ ಆದ್ವು ನೋಡು."

ಇಬ್ಬರೂ ಕುಳಿತರು. ಆಮೇಲೆ ಅವಳು ಗೆಳೆಯನತ್ತ ತಿರುಗಿದಳು. "ಅಣ್ಣಾ, ಅಜ್ಜಿ ಚೀಲ ಒಂಚೂರು ಹಿಡ್ಕೊಳ್ರಿ."

ಹರಪನಹಳ್ಳಿ ಬರುವವರೆಗೂ ಎರಡು ಹುಂಜಗಳು ಆ ಚೀಲ ಹಿಡಿದು ನಿಂತಿದ್ದವು.