ಸಿಕ್ಕಿಕೊಂಡ ಮುಳ್ಳು

ಕುಂದಗೋಳದಲ್ಲಿ ಅರಸಿಕನಾಗಿ ಬದುಕುವುದು ಎಷ್ಟು ಕಷ್ಟವೆಂಬುದು ಇಲ್ಲಿನ ಅರಸಿಕರಿಗಷ್ಟೇ ಗೊತ್ತು. ಬೇರೆ ಊರಿನಲ್ಲಾದರೆ ಹಾಡು ತಿಳಿಯದವನು ಬಾಯಿ ಮುಚ್ಚಿಕೊಂಡು ಕೂತರೆ ಸಾಕು, ಮರ್ಯಾದೆ ಉಳಿಯುತ್ತದೆ. ನಮ್ಮೂರಿನಲ್ಲಿ ಹುಬ್ಬಳ್ಳಿಯ ರೈಲಿಗೆ ಕಾಯುತ್ತ ನಿಂತವರು ಕೂಡ ಹಿಂದಿನ ರಾತ್ರಿ ಹಾಡಿದ ಗವಾಯಿಯ ಪಂಚಮ ಇಳಿದಿತ್ತೋ ಇಲ್ಲವೋ ಎಂದು ಜಗಳಕ್ಕೆ ಬೀಳುತ್ತಾರೆ, ಕೊನೆಗೆ ತೀರ್ಪಿಗಾಗಿ ನನ್ನತ್ತ ತಿರುಗುತ್ತಾರೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ರಾಷ್ಟ್ರಗೀತೆಯ ಹೊತ್ತಿಗೆ ತುಟಿ ಮಾತ್ರ ಅಲ್ಲಾಡಿಸಿ, ದನಿ ಬೇಡ ಎಂದು ನಮ್ಮ ಹೆಡ್ ಮಾಸ್ತರರು ನನ್ನನ್ನು ಬದಿಗೆ ಕರೆದು ವಿನಂತಿಸಿದ್ದುಂಟು. ಇಂಥ ನಾನು ಹಾಡುವ ಹೆಂಗಸನ್ನು ಮದುವೆಯಾದೆ.

ನನ್ನ ಹೆಂಡತಿ ಗಿರಿಜಾ ಬೆಳಿಗ್ಗೆ ಎದ್ದು ತಂಬೂರಿಯ ಗವಸು ಬಿಚ್ಚಿದಳೆಂದರೆ ನಮ್ಮ ಓಣಿಗೆ ಬೆಳಗಾದಂತೆ. ಆದರೆ ಅವಳು ಹಾಡುತ್ತಿದ್ದುದು ಕಡಿಮೆ, ರಿಯಾಜು ಮಾಡುತ್ತಿದ್ದುದೇ ಹೆಚ್ಚು. ರಿಯಾಜು ಅಂದರೆ ಏನೆಂದು ಅರಸಿಕರ ಪರವಾಗಿ ಹೇಳುತ್ತೇನೆ, ಕೇಳಿ. ನಾಲ್ಕು ಸ್ವರಗಳ ಒಂದು ತುಣುಕನ್ನು ಹಿಡಿದುಕೊಂಡು, ನಮ್ಮಂಥವರಿಗೆ ಮೊದಲ ಸಲವೇ ಸರಿಯಾಗಿ ಕೇಳಿಸಿದ್ದನ್ನು, ರೊಟ್ಟಿ ತಟ್ಟಿದ ಹಾಗೆ ಮತ್ತೆ ಮತ್ತೆ ತಟ್ಟುತ್ತ ಕೂರುವುದು. ಬಚ್ಚಲಿನಿಂದ ನಾನು ಕೂಗುತ್ತಿದ್ದೆ: "ಏ, ಗ್ರಾಮಾಫೋನ್ ಪ್ಲೇಟಿನ ಮುಳ್ಳ ಸಿಕ್ಕೊಂಡೈತಿ, ಯಾರರೆ ಎತ್ತಿ ಮುಂದ ಇಡ್ರಿ!" ಅವಳು ನಕ್ಕು, "ಇನ್ನೂ ಕುಂತಿಲ್ರಿ" ಎನ್ನುತ್ತಿದ್ದಳು. ಹಾಡುವವರ ಮಾತಿನಲ್ಲಿ ಸ್ವರ ಗಂಟಲಲ್ಲಿ 'ಕೂರಬೇಕು'. ಅದು ಕೂರುವವರೆಗೆ ಮನೆಯವರು ಚಹಾ ಇಲ್ಲದೆ ನಿಂತಿರಬೇಕು.

ಆಮೇಲೆ ಅವಳ ಗಂಟಲಲ್ಲಿ ಕೂತದ್ದು ಸ್ವರವಲ್ಲ, ಗಂಟು. ಹುಬ್ಬಳ್ಳಿಯ ಡಾಕ್ಟರು ಒಳ್ಳೆಯವರು, ಏನನ್ನೂ ಮುಚ್ಚಿಡಲಿಲ್ಲ. ಜೀವ ಉಳಿಯುತ್ತದೆ, ದನಿಯ ಮಾತು ನಾನು ಹೇಳಲಾರೆ ಎಂದರು. ಜೀವ ಉಳಿಯಿತು. ದನಿ ಹೋಗಿ ಪಿಸುಮಾತು ಉಳಿಯಿತು. ಹಾಡು ಕಲಿಯಲು ಬರುತ್ತಿದ್ದ ಹುಡುಗಿಯರು ಕೆಲವು ದಿನ ಸುಮ್ಮನೆ ಬಂದು ಕೂತರು, ಆಮೇಲೆ ಬರುವುದನ್ನು ಬಿಟ್ಟರು. ಪಿಸುಮಾತಿಗೊಂದು ವಿಚಿತ್ರ ಗುಣವಿದೆ, ಅದು ಅಂಟುತ್ತದೆ. ಅವಳು ಪಿಸುಗುಟ್ಟಿದರೆ ನಾನೂ ಪಿಸುಗುಟ್ಟುತ್ತೇನೆ, ಸಕ್ಕರೆ ಕಡ ಕೇಳಲು ಬಂದ ನೆರೆಯಾಕೆಯೂ ಪಿಸುಗುಟ್ಟುತ್ತಾಳೆ. ಹೊರಗಿನಿಂದ ನೋಡಿದವರು ಈ ಮನೆಯಲ್ಲಿ ಏನೋ ಒಳಸಂಚು ನಡೆದಿದೆ ಎಂದುಕೊಳ್ಳಬೇಕು. ಇನ್ನು ಕೆಲವರು ಅವಳಿಗೆ ಕಿವಿಯೇ ಕೇಳುವುದಿಲ್ಲವೆಂದು ತಿಳಿದು ಹೊಲದಲ್ಲಿ ಎತ್ತು ಕರೆಯುವಂತೆ ಒದರುತ್ತಾರೆ. ಎರಡರ ನಡುವಿನ ದನಿ ನಮ್ಮ ಮನೆಯಿಂದ ಹೋಗಿಬಿಟ್ಟಿತು. ತಂಬೂರಿ ಗವಸು ಹೊದ್ದು ಮೂಲೆ ಸೇರಿತು. ಹಾಡು ಅರಿಯದ ನಾನು ಬೆಳಿಗ್ಗೆ ಎದ್ದು ಆ ಮೂಲೆಯನ್ನು ನೋಡುತ್ತ ಕೂರತೊಡಗಿದೆ.

ಇಂಥ ಹೊತ್ತಿನಲ್ಲಿ ಮುಂಬಯಿಯಲ್ಲಿದ್ದ ನನ್ನ ಮೈದುನ ಈರಣ್ಣ ಒಂದು ಪೆಟ್ಟಿಗೆ ಹೊತ್ತು ತಂದ. ಅವನ ಕಂಪನಿಯ ಸಾಹೇಬರು ಮನೆ ಖಾಲಿ ಮಾಡಿ ವಿಲಾಯತಿಗೆ ಹೋಗುವಾಗ ಒಂದು ರೆಕಾರ್ಡ್ ಪ್ಲೇಯರನ್ನೂ ಮೂರು ದೊಡ್ಡ ಪ್ಲೇಟುಗಳನ್ನೂ ಇವನಿಗೆ ದಾಟಿಸಿದ್ದರು. ಮೂರರ ಹೊದಿಕೆಯ ಮೇಲೂ ಒಬ್ಬನೇ ಮನುಷ್ಯ. ಬೋಳು ತಲೆ, ಮುಚ್ಚಿದ ಕಣ್ಣು, ಎದೆಗೆ ಒರಗಿಸಿಕೊಂಡ ಆಳೆತ್ತರದ ವಾದ್ಯ. ಜಗತ್ಪ್ರಸಿದ್ಧನಂತೆ. ವಾದ್ಯದ ಹೆಸರು ಚೆಲ್ಲೋ. ನಮ್ಮ ಗೋಡೆಯಾಚೆ ಹಿಟ್ಟಿನ ಗಿರಣಿ ನಡೆಸುವ ಶಿವಪ್ಪಕಾಕಾ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಇದು ನಮ್ಮ ತಂಬೂರಿನ ಅಲ್ಲೇನ್ರಿ ಮಾಸ್ತರ? ಮೀಟೂದ ಬಿಟ್ಟು ಹಿಂಗ್ಯಾಕ ಅಪ್ಪಿಕೊಂಡ ಕುಂತಾನ?" ಎಂದು ಕೇಳಿದರು. ಪ್ಲೇಟು ಹಾಕಿದೆವು. ಗಂಡಸಿನದೂ ಅಲ್ಲದ, ಹೆಂಗಸಿನದೂ ಅಲ್ಲದ, ಆದರೆ ಖಂಡಿತವಾಗಿ ಗಂಟಲಿನದೇ ಆದ ಒಂದು ದನಿ ನಮ್ಮ ಪಡಸಾಲೆಗೆ ಬಂತು. ಹುಟ್ಟಿದಾಗಿನಿಂದ ಹಾಡುವವರ ಹಿಂದೆ ಕೂತು ಒಂದೇ ಮಾತನ್ನು ಗುಂಯ್‌ಗುಡುವ ತಂಬೂರಿಗೆ ಯಾರೋ ಕೊನೆಗೂ, ನೀನೂ ಒಮ್ಮೆ ಹಾಡು ಎಂದಂತಿತ್ತು. ಗಿರಿಜಾಳ ಕೈಯಲ್ಲಿದ್ದ ಮೊರ ಅಲ್ಲೇ ನಿಂತಿತು.

ಇಂಗ್ಲಿಷ್ ಮಾಸ್ತರನಾದ್ದರಿಂದ ಹೊದಿಕೆಯ ಬೆನ್ನ ಮೇಲಿನ ಬರಹವನ್ನು ಓದಿ ಹೇಳುವ ಕೆಲಸ ನನ್ನದಾಯಿತು. ಇದಕ್ಕೆ ಕನ್ಚೆರ್ಟೋ ಅನ್ನುತ್ತಾರೆ, ಒಬ್ಬ ಒಂದು ಕಡೆ, ದೊಡ್ಡ ಮೇಳ ಇನ್ನೊಂದು ಕಡೆ ಎಂದೆ. ಅವನೊಬ್ಬ ತನ್ನ ಅಳಲು ಹೇಳಿಕೊಳ್ಳುತ್ತಾನೆ, ಮೇಳ ಕೆಲವೊಮ್ಮೆ ಸಮಾಧಾನ ಮಾಡುತ್ತದೆ, ಕೆಲವೊಮ್ಮೆ ಎಲ್ಲರೂ ಕೂಡಿ ಒದರಿ ಅವನ ಬಾಯಿ ಮುಚ್ಚಿಸುತ್ತಾರೆ. ಇದಕ್ಕೆ ವಿಲಾಯತಿಯ ಹೆಸರು ಯಾಕೆ ಬೇಕೋ, ನಮ್ಮ ಓಣಿಯವರು ಗಿರಿಜಾಳನ್ನು ಮಾತಾಡಿಸಲು ಬಂದಾಗಲೂ ಹಾಗೇ ಆಗುತ್ತಿತ್ತು. ಬರಹದಲ್ಲಿ ಒಂದು ಕಡೆ 'ಘನವಾದ ವಿಷಾದ' ಎಂಬ ಅರ್ಥದ ಮಾತಿತ್ತು. ನಾನು ಅದನ್ನು 'ದೊಡ್ಡವರ ದುಃಖ' ಎಂದು ಬಿಡಿಸಿ ಹೇಳಿದೆ. ಅವಳು ಪಿಸುಗುಟ್ಟಿದಳು: "ಸಣ್ಣವರ ದುಃಖಕ್ಕ ಬ್ಯಾರೆ ವಾದ್ಯ ಇರತೈತೇನ್ರಿ?" ಇಪ್ಪತ್ತು ವರ್ಷ ಮಕ್ಕಳಿಗೆ ಅರ್ಥ ಬರೆಸಿದ ನಾನು ಹೊದಿಕೆಯ ಬರಹವನ್ನು ಮತ್ತೆ ಮೊದಲಿನಿಂದ ಓದತೊಡಗಿದೆ.

ಮೂರರಲ್ಲಿ ಅವಳು ಆರಿಸಿಕೊಂಡದ್ದು ಒಂದನ್ನೇ. ಆದರೆ ಅದನ್ನು ಕೇಳುತ್ತ ಹುಬ್ಬು ಗಂಟಿಕ್ಕಿದಳು. "ಇದನ್ನ ಉಲ್ಟಾ ತುಂಬ್ಯಾರ" ಎಂದಳು. ವಿಷಯ ಇಷ್ಟೇ. ನಮ್ಮ ಹಾಡಿನಲ್ಲಿ ನಿಧಾನದ ವಿಲಂಬಿತ ಮೊದಲು, ಆಮೇಲೆ ದ್ರುತ. ಈ ಪ್ಲೇಟಿನಲ್ಲಿ ಮೊದಲ ಬದಿಯ ತುಂಬ ಗದ್ದಲ, ಓಟ. ನಿಧಾನದ ಭಾಗ ಎರಡನೆಯ ಬದಿಗೆ ಬರುತ್ತಿತ್ತು. ಹೊದಿಕೆಯ ಮೇಲೂ ಅದೇ ಕ್ರಮ ಅಚ್ಚಾಗಿದೆ ಎಂದು ನಾನು ತೋರಿಸಿದೆ. "ಅಚ್ಚು ಹಾಕಾವ್ರಿಗೆ ಹಾಡು ತಿಳೀತೈತೇನು?" ಎಂದು ಕೇಳಿದಳು. ಅಂದಿನಿಂದ ನಮ್ಮ ಮನೆಯಲ್ಲಿ ಎರಡನೆಯ ಬದಿ ಮೊದಲು. ಧಾರವಾಡದ ಕಾಲೇಜಿನಲ್ಲಿ ಕಲಿಸುವ ಗೆಳೆಯರೊಬ್ಬರು ಬಂದಾಗ ಇದನ್ನು ಕಂಡು ಗಾಬರಿಯಾದರು. ಊಟ ಮುಗಿಸಿ ಬುತ್ತಿ ಬಿಚ್ಚಿದ ಹಾಗಾಯಿತು, ಇದು ಸರಿಯಲ್ಲ ಎಂದು ನನಗೆ ಬಸ್ ಸ್ಟ್ಯಾಂಡಿನಲ್ಲಿ ತಿಳಿಹೇಳಿದರು. ನಾನು ತಲೆಯಾಡಿಸಿದೆ. ಮುಗಿದ ಮೇಲೆ ಶುರುವಾಗುವ ಸಂಗತಿಗಳೂ ಇರುತ್ತವೆ ಎಂದು ಅವರಿಗೆ ಹೇಳಬೇಕೆನಿಸಿತ್ತು, ಬಸ್ಸು ಬಂದುಬಿಟ್ಟಿತು.

ನಮ್ಮ ಮನೆಯ ಚೆಲ್ಲೋಕ್ಕೆ ವಿಲಾಯತಿಯವರೂ ಕೇಳಿರದ ಇನ್ನೊಂದು ಗುಣವಿತ್ತು. ಮಧ್ಯಾಹ್ನ ಶಿವಪ್ಪಕಾಕಾ ಗಿರಣಿ ಚಾಲೂ ಮಾಡಿದರೆ ಓಣಿಯ ಕರೆಂಟು ಸೊರಗಿ, ಪ್ಲೇಟು ತಿರುಗುವುದು ನಿಧಾನವಾಗಿ, ಆ ಜಗತ್ಪ್ರಸಿದ್ಧ ಮನುಷ್ಯ ಇದ್ದಕ್ಕಿದ್ದಂತೆ ತಗ್ಗಿನ ದನಿಯ ಖರ್ಜಕ್ಕೆ ಇಳಿಯುತ್ತಿದ್ದ. ಜೋಳ ಮುಗಿದರೆ ಮತ್ತೆ ಏರುತ್ತಿದ್ದ. ತನ್ನ ವಿಷಾದ ಕುಂದಗೋಳದ ಜೋಳದ ಹಿಟ್ಟಿನ ಮೇಲೆ ನಿಂತಿದೆ ಎಂದು ಅವನಿಗೆ ಯಾರು ಹೇಳಬೇಕು.

ಇಷ್ಟೆಲ್ಲ ತಮಾಷೆ ಮಾಡುತ್ತಿದ್ದೇನಲ್ಲ, ಒಳಗಿನ ಮಾತು ಬೇರೆ ಇದೆ. ನನಗೆ ಆ ಪ್ಲೇಟಿನಿಂದ ಒಂದು ಆಸೆ ಹುಟ್ಟಿತ್ತು. ದಿನವೂ ಇದನ್ನು ಕೇಳುತ್ತ ಕೇಳುತ್ತ ಅವಳು ಒಂದು ದಿನ ಎದ್ದು ತಂಬೂರಿಯ ಗವಸು ಬಿಚ್ಚುತ್ತಾಳೆ ಎಂದು. ಹಾಡುವುದು ಬೇಡ, ತಂತಿ ಮೀಟಿದರೆ ಸಾಕಿತ್ತು. ಶಾಲೆಯಿಂದ ಬಂದವನು ಚಪ್ಪಲಿ ಬಿಡುವ ಮೊದಲು ಆ ಮೂಲೆಯನ್ನು ನೋಡುತ್ತಿದ್ದೆ. ಗವಸಿನ ಗಂಟು ಹಾಗೇ ಇರುತ್ತಿತ್ತು. ಒಂದು ಮಳೆಗಾಲ ಹೋಯಿತು, ಒಂದು ಬೇಸಿಗೆ ಹೋಯಿತು. ಅವಳು ಕೇಳಿದಳು, ಕೇಳಿ ಎದ್ದು ಒಲೆ ಹೊತ್ತಿಸಿದಳು, ಅಷ್ಟೇ. ಇತ್ತ ಪ್ಲೇಟೂ ಸವೆಯತೊಡಗಿತು. ಮುಳ್ಳು ಪ್ರತಿ ಸಲವೂ ಹಾಡನ್ನು ಎಬ್ಬಿಸುವಾಗ ಸ್ವಲ್ಪ ಕೆರೆದೂ ಹೋಗುತ್ತದಂತೆ. ಈ ಪ್ಲೇಯರಿಗೆ ಹೊಂದುವ ಹೊಸ ಮುಳ್ಳು ಹುಬ್ಬಳ್ಳಿಯ ಅಂಗಡಿಗಳಲ್ಲಿ ಸಿಗಲಿಲ್ಲ, ಮುಂಬಯಿಯಿಂದ ಈರಣ್ಣ ಕಳಿಸಿದ್ದು ಕೂರಲಿಲ್ಲ. ಹಳೆಯ ಮುಳ್ಳಿನ ಕೆಳಗೆ ಆ ದನಿಗೂ ಒಂದು ಬಗೆಯ ಪಿಸುಮಾತು ಸೇರಿಕೊಂಡಿತು. ಮೊದಲು ಅವಳದು ಹೋಯಿತು, ಈಗ ಇವನದೂ ಹೋಗುತ್ತದೆ, ಇನ್ನು ಈ ಮನೆಯಲ್ಲಿ ಏನು ಉಳಿಯುತ್ತದೆ ಎಂದು ನನಗೆ ಎದೆ ಒಡೆಯುತ್ತಿತ್ತು. ಕೇಳಿದಷ್ಟೂ ಮುಗಿಯುತ್ತದೆ ಎಂದು ಗೊತ್ತಿದ್ದೂ, ಬೇಡ ಅನ್ನುವ ಧೈರ್ಯ ನನಗಿರಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ನಾವಿಬ್ಬರೂ ಪಡಸಾಲೆಯಲ್ಲಿದ್ದೆವು. ಎರಡನೆಯ ಬದಿಯ ನಿಧಾನದ ಭಾಗ ನಡೆದಿತ್ತು. ಮೇಳವೆಲ್ಲ ಸುಮ್ಮನಾಗಿ ಅವನೊಬ್ಬನೇ ಮೇಲೇರುವ ಜಾಗಕ್ಕೆ ಬಂದಾಗ ಟಕ್ಕೆಂದಿತು. ಮುಳ್ಳು ಸಿಕ್ಕಿಕೊಂಡಿತು. ನಾಲ್ಕು ಸ್ವರ ಏರುವುದು, ಟಕ್, ಮತ್ತೆ ಅವೇ ನಾಲ್ಕು ಸ್ವರ, ಟಕ್. ನಾನು ಹೆದರುತ್ತಿದ್ದ ಘಳಿಗೆ ಬಂತು ಎಂದುಕೊಂಡು, ಎತ್ತಿ ಮುಂದಿಡಲು ಧಡಕ್ಕನೆ ಎದ್ದೆ. ಗಿರಿಜಾ ನನ್ನ ಮಣಿಕಟ್ಟು ಹಿಡಿದಳು.

"ಇರ್ಲಿ ಬಿಡ್ರಿ," ಎಂದಳು. "ರಿಯಾಜ್ ಮಾಡಾಕತ್ತಾನ."

ಅವಳ ಮುಖ ನೋಡಿದೆ. ಬಚ್ಚಲಿನಿಂದ ನಾನು ಕೂಗುತ್ತಿದ್ದಾಗ ಇರುತ್ತಿದ್ದ ನಗುವೇ ತುಟಿಯಲ್ಲಿತ್ತು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. ಅವಳ ಇನ್ನೊಂದು ಕೈಯ ಬೆರಳು ತೊಡೆಯ ಮೇಲೆ ಆ ನಾಲ್ಕು ಸ್ವರಗಳನ್ನು ಎಣಿಸುತ್ತಿತ್ತು. ಗೋಡೆಯಾಚೆ ಗಿರಣಿ ಶುರುವಾಯಿತು. ಅವನು ಖರ್ಜಕ್ಕೆ ಇಳಿದು, ಅಲ್ಲಿಂದಲೇ ಮತ್ತೆ ಏರಲು ನೋಡಿದ. ಟಕ್.

"ಎಷ್ಟೊತ್ತು?" ಎಂದು ನಾನು ಪಿಸುಗುಟ್ಟಿದೆ.

"ಕುಂದರೂ ತನಕ."

ನಾನೂ ಕೂತೆ.