ಖಾರ ಹಚ್ಚಿದ ಗೋಡೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮತ್ತೆ ಅಡುಗೆಮನೆ ಗೋಡೆಗೆ ಖಾರದ ಪುಡಿ ಕಲಸಿ ಹಚ್ಚಿದರು. ನಾಲ್ಕು ವರ್ಷದ ನನ್ನ ಮಗಳು ಕೆಲವು ತಿಂಗಳಿಂದ ಆ ಮಣ್ಣಿನ ಗೋಡೆಯನ್ನು ಉಗುರಿನಿಂದ ಕೆರೆದು ತಿನ್ನುತ್ತಿದ್ದಾಳೆ. ಬೈದೆವು, ಕೈಗೆ ಹೊಡೆದೆವು, ಬಿಡಲಿಲ್ಲ. "ಒಂದ್ಸಲ ನಾಲ್ಗೆ ಉರುದ್ರೆ ತಾನೇ ಬುಡ್ತದೆ," ಎಂದರು ಅತ್ತೆ.

ಮಗು ಬಿಡಲಿಲ್ಲ. ಕಣ್ಣು ಮೂಗಲ್ಲಿ ನೀರು ಸುರಿಸಿಕೊಂಡು, ಅಳುತ್ತಲೇ ಕೆರೆದು ತಿಂದಳು. ಅವಳ ಬಾಯಿ ತೊಳೆದು, ಬಿಳಿಗೆರೆಯಲ್ಲಿ ಬಸ್ಸು ಹತ್ತಿ ನಂಜನಗೂಡಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅತ್ತೆಯೂ ಬಂದರು.

"ಕೆಟ್ಟ ಚಟ ಕಣವ್ವ ಇದ್ಕೆ, ಬುಡ್ಸಕ್ಕೆ ಏನಾರ ಕೊಡಿ," ಎಂದು ಡಾಕ್ಟರಮ್ಮನಿಗೆ ಅತ್ತೆಯೇ ಹೇಳಿದರು.

ಅವರು ಮಗುವಿನ ಕೆಳರೆಪ್ಪೆ ಎಳೆದು ನೋಡಿ, ರಕ್ತ ಪರೀಕ್ಷೆ ಮಾಡಿಸಿದರು. "ಚಟ ಅಲ್ಲಜ್ಜಿ. ಮೈಯಲ್ಲಿ ರಕ್ತ ತುಂಬಾ ಕಮ್ಮಿ ಇದೆ. ಅದಕ್ಕೇ ಮಣ್ಣು ತಿನ್ನೋ ಆಸೆ ತಡೆಯಕ್ಕಾಗ್ತಿಲ್ಲ. ಹೊಡೆದ್ರೆ ಹೋಗಲ್ಲ," ಎಂದು ಟಾನಿಕ್ ಬರೆದುಕೊಟ್ಟರು. ಆಮೇಲೆ ಮಗುವಿನ ಊದಿದ ತುಟಿ ನೋಡಿ, ಇದೇನು ಎಂದು ಕೇಳಿದರು. ನಾನು ಚೀಟಿ ಮಡಿಸಿಕೊಂಡೆ, ಅತ್ತೆ ಮಗುವನ್ನು ಎತ್ತಿಕೊಂಡು ಹೊರಟರು.

ವಾಪಸು ಬರುವಾಗ ಅತ್ತೆ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಮನೆಗೆ ಬಂದವರೇ ಒದ್ದೆ ಬಟ್ಟೆಯಲ್ಲಿ ಗೋಡೆ ಒರೆಸತೊಡಗಿದರು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದು, ಡಾಕ್ಟರು ಏನಂದರು ಎಂದು ವಿಚಾರಿಸಿದಳು.

ಅತ್ತೆ ತಲೆಯೆತ್ತದೆ ಹೇಳಿದರು: "ಮಗೀಗೇನೂ ಇಲ್ವಂತೆ. ನಮ್ ಸೊಸೆಗೆ ಸಾಕಕ್ಕೆ ಬರಕಿಲ್ವಂತೆ."

ರಕ್ತ ಕಮ್ಮಿ ಎಂಬ ಮಾತು ನಂಜನಗೂಡಿನಲ್ಲಿ ನಮ್ಮ ಜೊತೆ ಬಸ್ಸು ಹತ್ತಲೇ ಇಲ್ಲವೆಂದು ಕಾಣುತ್ತದೆ.