ಗಲೀಜು ಎಂಬುದಕ್ಕೆ ಸ್ಪ್ಯಾನಿಶ್ ಪದ

ಆ ಶನಿವಾರ ಮಾಡಿದ ಕೆಲಸಗಳು ಇವು: ಬೆಳಿಗ್ಗೆ ಎದ್ದು ದೋಸೆಗೆ ಅಕ್ಕಿ, ಉದ್ದು ನೆನೆಹಾಕಿದ್ದು. ನೀರು ಬರುವ ದಿನವಾದ್ದರಿಂದ ಎರಡು ಡ್ರಮ್ಮು, ಮೂರು ಬಿಂದಿಗೆ ತುಂಬಿಸಿದ್ದು. ನಮ್ಮವರ ಅಂಗಿಗೆ ಗುಂಡಿ ಹೊಲಿದದ್ದು. ಚಂದಾಪುರದ ಸ್ಟಾಪಿನಲ್ಲಿ ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದ್ದು. ಆಫೀಸಿನಲ್ಲಿ ಹಾಜರಿ ತಾಳೆ ನೋಡಿದ್ದು, ಕೊರಿಯರ್ ಕಳಿಸಿದ್ದು, ಸೋಮವಾರ ಎಷ್ಟು ಊಟ ಬೇಕೆಂದು ಕ್ಯಾಂಟೀನಿಗೆ ತಿಳಿಸಿದ್ದು. ಹೊರಡುವ ಮುಂಚೆ ಸ್ಪೇನಿಗೆ ಒಂದು ಸಾಲು ಬರೆದದ್ದು.

ಆ ಕೊನೆಯ ಕೆಲಸಕ್ಕೆ ಎರಡು ನಿಮಿಷವೂ ಹಿಡಿದಿರಲಿಲ್ಲ.

ನಾನು ಕೆಲಸ ಮಾಡುವುದು ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಒಂದು ಸ್ವಿಚ್ಚು, ಸಾಕೆಟ್ಟಿನ ಕಾರ್ಖಾನೆಯ ಆಫೀಸಿನಲ್ಲಿ. ಮೂಲ ಕಂಪನಿ ಸ್ಪೇನಿನದು. ಒಂದು ವರ್ಷ ಕ್ಯಾಂಟೀನಿನಲ್ಲೇ ವಾರಕ್ಕೆರಡು ದಿನ ಸ್ಪ್ಯಾನಿಶ್ ಪಾಠ ಇಟ್ಟಿದ್ದರು. ಇಪ್ಪತ್ತು ಜನ ಸೇರಿದೆವು, ಕಡೆಯ ತನಕ ಉಳಿದವಳು ನಾನೊಬ್ಬಳೇ. ಆಮೇಲೆ ಪ್ರತಿ ಶನಿವಾರ ಒಂದೊಂದು ವಿಭಾಗದ ಫೋಟೋ ತೆಗೆದು, ಅದು ಹೇಗಿದೆ ಎಂದು ಸ್ಪ್ಯಾನಿಶಿನಲ್ಲಿ ಒಂದು ಸಾಲು ಬರೆದು ಅಲ್ಲಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಗ್ಲಿಷಿನಲ್ಲಿ ಬರೆದರೂ ನಡೆಯುತ್ತಿತ್ತು. ಆದರೆ ಯಾರಾದರೂ ಬಂದಾಗ ಮ್ಯಾನೇಜರು, "ನಮ್ಮ ಮೇಡಂಗೆ ಸ್ಪ್ಯಾನಿಶ್ ಅಂದ್ರೆ ನೀರು ಕುಡಿದ ಹಾಗೆ," ಎನ್ನುತ್ತಿದ್ದರು. ನಾನು ಸೆರಗು ಸರಿಮಾಡಿಕೊಳ್ಳುತ್ತಿದ್ದೆ. ಅದು ನನಗೆ ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ಶನಿವಾರ ಪ್ಯಾಕಿಂಗ್ ವಿಭಾಗದ ಸರದಿ. ಮೇಜಿನ ಮೇಲೆ ಬಾಯಿ ತೆರೆದ ರಟ್ಟಿನ ಡಬ್ಬಗಳು, ಅವುಗಳ ನಡುವೆ ಟೇಪಿನ ಸುರುಳಿ, ಕತ್ತರಿ, ಸ್ಕ್ರೂಡ್ರೈವರ್, ಯಾರದೋ ಒಂದೇ ಒಂದು ಕೈಗವಸು. ಕೆಳಗೆ ನೆಲ ಮಾತ್ರ ಆಗಷ್ಟೇ ಒರೆಸಿದ್ದು. ಫಿನಾಯಿಲ್ ವಾಸನೆ ಇನ್ನೂ ಹೋಗಿರಲಿಲ್ಲ. ನೋಡಿದ ಕೂಡಲೇ ನನ್ನ ಬಾಯಿಗೆ ಬಂದದ್ದು "ಎಷ್ಟು ಗಲೀಜು" ಎಂಬ ಮಾತು. ನಮ್ಮಲ್ಲಿ ಎಲ್ಲವೂ ಗಲೀಜೇ ಅಲ್ಲವೇ? ಚರಂಡಿಯೂ ಗಲೀಜು, ಒಗೆದ ಬಟ್ಟೆ ಮಡಿಸದೆ ಮಂಚದ ಮೇಲೆ ರಾಶಿ ಬಿದ್ದಿದ್ದರೆ ಅದೂ ಗಲೀಜು.

ಸ್ಪ್ಯಾನಿಶಿನಲ್ಲಿ ಹಾಗಲ್ಲ. ವಸ್ತುಗಳು ಅಲ್ಲಲ್ಲಿ ಬಿದ್ದಿದ್ದರೆ ‘ದೆಸೋರ್ದೆನಾದಾ’. ಕೊಳಕಾಗಿದ್ದರೆ ‘ಸೂಸಿಯಾ’. ಪಾಠದ ಪುಸ್ತಕದಲ್ಲಿ ಎರಡೂ ಒಂದೇ ಪುಟದಲ್ಲಿದ್ದವು. ನನಗೆ ಎರಡೂ ನೆನಪಿಗೆ ಬಂದವು. ಮೊದಲನೆಯದರ ಕಾಗುಣಿತ ಗಟ್ಟಿಯಿರಲಿಲ್ಲ, ಬಸ್ಸಿಗೆ ಹೊತ್ತಾಗಿತ್ತು. ‘ಸೂಸಿಯಾ’ ಎಂದು ಬರೆದೆ. ವಿಭಾಗ ಎನ್ನುವುದು ಅವರ ಭಾಷೆಯಲ್ಲಿ ಸ್ತ್ರೀಲಿಂಗ, ಆದ್ದರಿಂದ ಪದದ ಕೊನೆ ‘ಆ’ ಆಗಬೇಕು ಎಂಬುದನ್ನು ಮಾತ್ರ ಮರೆಯಲಿಲ್ಲ. ವ್ಯಾಕರಣ ಸರಿಯಾಗಿದೆ ಎಂದು ಸಂತೋಷಪಟ್ಟು ಕಳಿಸಿದೆ.

ಸೋಮವಾರ ಅಲ್ಲಿಂದ ಮ್ಯಾನೇಜರಿಗೆ ಪತ್ರ ಬಂತು: ಕೊಳಕಿದ್ದರೆ ಶುಚಿ ಮಾಡುವವರು ಏನು ಮಾಡುತ್ತಿದ್ದಾರೆ? ಮ್ಯಾನೇಜರು ಶುಚಿತ್ವದ ಏಜೆನ್ಸಿಯ ಸೂಪರ್‌ವೈಸರನ್ನು ಕರೆಸಿದರು. ಅವನು ಗೇಟಿನ ಹತ್ತಿರ, ಎಲ್ಲರೂ ಹಾಜರಿಗೆ ಬೆರಳೊತ್ತುವ ಜಾಗದಲ್ಲಿ, ಪ್ಯಾಕಿಂಗ್ ವಿಭಾಗ ಗುಡಿಸಿ ಒರೆಸುವ ಹೆಂಗಸನ್ನು ನಿಲ್ಲಿಸಿಕೊಂಡ. ಆಕೆ ಆನೇಕಲ್ ಕಡೆಯ ಹಳ್ಳಿಯವಳು, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವಳು.

"ಕೊಳಕು ಅಂತ ಸ್ಪೇನ್‌ವರೆಗೂ ಹೋಗಿದೆಯಲ್ಲಮ್ಮ ನಿನ್ ಹೆಸ್ರು!"

"ಕೊಳಕಾ? ಬಗ್ಗಿ ನೋಡಿ ಸಾ, ಮುಖ ಕಾಣ್ತದೆ ನೆಲದಾಗೆ. ಅಲ್ಲಿ ಕುಂತೋರ್ಗೆ ಇಲ್ಲಿನ ಕಸ ಎಂಗ್ ಕಾಣ್ತು?"

ಸುತ್ತ ನಿಂತವರು ನಕ್ಕರು. ಆಕೆ ನಗಲಿಲ್ಲ. ಹನ್ನೊಂದು ಗಂಟೆಯ ಟೀ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದಳು.

"ಅಕ್ಕಾ, ನಿಮ್ಗೆ ಆ ಭಾಸೆ ಬರ್ತದಲ್ಲ. ಏನ್ ಬರೆದವ್ರೆ ಅಂತ ಸರ್ಯಾಗಿ ಓದಿ ಹೇಳಿ."

"ಸ್ವಲ್ಪ ಗಲೀಜಾಗಿದೆ ಅಂತ ಬರೆದಿದಾರೆ ಕಣಮ್ಮ," ಎಂದೆ.

ಬರೆದಿದ್ದೇನೆ ಎನ್ನಬೇಕಾದಲ್ಲಿ ಬರೆದಿದ್ದಾರೆ ಎಂದೆ. ಈ ತಪ್ಪಿಗೆ ಕಾಗುಣಿತದ ನೆಪವೂ ಇಲ್ಲ. ಇದು ನನ್ನ ತಾಯಿಯ ಭಾಷೆ. ಆಕೆ, "ಬರೀಲಿ ಬುಡಿ, ನೀವೇನ್ ಮಾಡೋಕಾಗ್ತದೆ," ಎಂದು ಹೋದಳು.

ಬುಧವಾರ ಸೂಪರ್‌ವೈಸರು ಆಕೆಯನ್ನು ಬೊಮ್ಮನಹಳ್ಳಿಯ ಬೇರೆ ಕಾರ್ಖಾನೆಗೆ ಹಾಕಿರುವುದಾಗಿ ಹೇಳಿದ. ಮುಂದಿನ ಸೋಮವಾರದಿಂದ. ಆಕೆಯ ಮಗಳ ಶಾಲೆ ನಮ್ಮ ಕಾರ್ಖಾನೆಯ ಹಿಂದಿನ ರಸ್ತೆಯಲ್ಲಿ. ಬಿಟ್ಟು ಬರುವುದು, ಕರೆದುಕೊಂಡು ಹೋಗುವುದು ಎಲ್ಲ ಆಕೆಯೇ. ಬೊಮ್ಮನಹಳ್ಳಿಗೆ ಹೋದರೆ ಕೆಲಸ ಬಿಡಬೇಕು, ಇಲ್ಲ ಶಾಲೆ ಬಿಡಿಸಬೇಕು.

ಗುರುವಾರ ಮ್ಯಾನೇಜರ ಮುಂದೆ ಹೋಗಿ, ಪದ ತಪ್ಪಾಗಿದೆ, ತಿದ್ದಿ ಕಳಿಸುತ್ತೇನೆ ಎಂದೆ.

"ಅಯ್ಯೋ ಬಿಡಿ ಮೇಡಂ. ಕೊಳಕಲ್ಲ, ಸಾಮಾನು ಜೋಡಿಸಿಲ್ಲ ಅಂದ್ರೆ ಅದು ಪ್ಯಾಕಿಂಗ್‌ನೋರ ಮೇಲೆ ಬರುತ್ತೆ. ಅಲ್ಲಿಂದ ನನ್ ಮೇಲೆ. ನಿಮ್ ಸ್ಪ್ಯಾನಿಶ್ ಇಷ್ಟೇನಾ ಅಂತಾನೂ ಅಂತಾರೆ, ನೋಡಿ."

ಆ ಕೊನೆಯ ಮಾತಿಗೆ ನಾನು ಹೆದರಿದೆ. ಮಧ್ಯಾಹ್ನದವರೆಗೆ ಕಳಿಸಲಿಲ್ಲ. ಊಟವಾದ ಮೇಲೆ ನಿಘಂಟು ತೆಗೆದು, ಒಂದೊಂದೇ ಅಕ್ಷರ ನೋಡಿಕೊಂಡು, ‘ದೆಸೋರ್ದೆನಾದಾ’ ಎಂದು ಬರೆದೆ. ನೆಲ ಶುಚಿಯಾಗಿತ್ತು, ತಪ್ಪು ಪದ ಬಳಸಿದವಳು ನಾನು ಎಂದೂ ಸೇರಿಸಿದೆ.

ಶುಕ್ರವಾರ ಉತ್ತರ ಬಂತು: ಸಾಮಾನಿಗೆ ಗೂಡುಗಳನ್ನು ಮಾಡಿಸಿ. ಅಷ್ಟೇ. ಮ್ಯಾನೇಜರು ನನ್ನ ಮುಖ ನೋಡದೆ ಏಜೆನ್ಸಿಗೆ ಫೋನು ಮಾಡಿ, ಆಕೆ ಇಲ್ಲೇ ಇರಲಿ ಎಂದರು. ಆದರೆ ತಪ್ಪು ಆಕೆಯದಲ್ಲ ಎಂದು ಗೇಟಿನಲ್ಲಿ ನಿಂತು ಯಾರೂ ಹೇಳಲಿಲ್ಲ.

ಟೀ ಹೊತ್ತಿಗೆ ಆಕೆ ಓಡಿಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಕೈ ಒದ್ದೆಯಿತ್ತು.

"ಬೊಮ್ನಳ್ಳಿ ಬ್ಯಾಡ್ವಂತೆ ಅಕ್ಕಾ! ನೀವೇ ಏನೋ ಹೇಳಿದೀರಿ, ನಂಗೊತ್ತು. ನಿಮ್ಮಿಂದ ನನ್ ಮಗಳ ಇಸ್ಕೂಲು ಉಳೀತು."

ಸುಮ್ಮನಿದ್ದುಬಿಡಬಹುದಿತ್ತು.

"ಅದನ್ನ ಬರೆದಿದ್ದು ಸ್ಪೇನ್‌ನೋರಲ್ಲ ಕಣಮ್ಮ. ನಾನೇ."

"ನೀವಾ? ಅವತ್ತು ಕೇಳ್ದಾಗ ಬರೆದಿದಾರೆ ಅಂದ್ರಲ್ಲ?"

"ಹೂಂ. ಸುಳ್ಳು ಹೇಳಿದೆ."

ಆಕೆ ಕೈ ಬಿಟ್ಟಳು. ಸೀರೆಗೆ ಒರೆಸಿಕೊಂಡಳು.

"ನನ್ನೇ ಒಂದ್ ಮಾತು ಕೇಳಿದ್ರೆ ಹೇಳ್ತಿದ್ನಲ್ಲ. ಕಸ ಬೇರೆ, ಸಾಮಾನು ಬೇರೆ. ಕಸ ನಂದು. ಸಾಮಾನು ಅವ್ರದ್ದು, ಮುಟ್ಟಿದ್ರೆ ಎಲ್ಲಿಟ್ಟೆ ಅಂತ ನನ್ಗೇ ಬೈತಾರೆ. ಅಂಗ್ ಬಿದ್ದಿದ್ರೆ ಚೆಲ್ಲಾಪಿಲ್ಲಿ ಅಂತೀವಿ ನಾವು. ಆ ಭಾಸೇಲಿ ಅದ್ಕೆ ಪದ ಇಲ್ವಾ?"

"ಇದೆ."

"ಮತ್ತೆ?"

ಅದು ಉದ್ದದ ಪದ, ನನಗೆ ಬಸ್ಸಿಗೆ ಹೊತ್ತಾಗಿತ್ತು ಎಂದು ಆಕೆಗೆ ಹೇಗೆ ಹೇಳಲಿ? ಆಕೆ ಬಕೆಟ್ಟು ಎತ್ತಿಕೊಂಡು, "ಬರ್ತೀನಿ ಮೇಡಂ," ಎಂದಳು. ಈಗಲೂ ದಿನಾ ಎದುರಿಗೆ ಸಿಗುತ್ತಾಳೆ, ನಗುತ್ತಾಳೆ. ಮತ್ತೆ ಅಕ್ಕ ಎಂದಿಲ್ಲ.

ಆ ಶುಕ್ರವಾರ ರಾತ್ರಿ ಮುದ್ದೆ, ದಂಟಿನ ಸೊಪ್ಪಿನ ಬಸ್ಸಾರು. ನನ್ನ ಮುದ್ದೆ ಅರ್ಧ ತಟ್ಟೆಯಲ್ಲೇ ಉಳಿಯಿತು. ನಮ್ಮವರು, "ಯಾಕೆ, ಹುಷಾರಿಲ್ವಾ?" ಎಂದು ಕೇಳಿದರು. ಪಾತ್ರೆ ತೊಳೆದು ಬಂದು ಹೇಳುತ್ತೇನೆ ಎಂದೆ. ಬರುವಷ್ಟರಲ್ಲಿ ಅವರು ಮಲಗಿಬಿಟ್ಟಿದ್ದರು.